ಮಾಗಡಿಯ ಜಮೀನು, ವಾಷಿಂಗ್ಟನ್ನಿನ ತೆರಿಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೊಡನೆ ರೇಷ್ಮೆಗೂಡು, ಬಣ್ಣದ ಗೊಂಬೆ, ಕಲ್ಲುಬೆಟ್ಟ, ಕೆಂಪೇಗೌಡರ ಕೋಟೆ ನೆನಪಾಗುತ್ತವೆಯೇ ಹೊರತು ಅಮೆರಿಕದ ಆದಾಯ ತೆರಿಗೆಯಲ್ಲ. ಆದರೂ ಈ ನಾಲ್ಕು ತಾಲ್ಲೂಕುಗಳ ಅನೇಕ ಮನೆಗಳಿಗೆ ಏಪ್ರಿಲ್ 15 ಎಂಬ ದಿನಾಂಕ, ಅವರಿಗೆ ಅರಿವಿಲ್ಲದೆಯೇ, ಸಂಬಂಧಪಟ್ಟ ದಿನಾಂಕವಾಗಿದೆ. ಅಂದು ಅಮೆರಿಕದಲ್ಲಿ ಆದಾಯ ತೆರಿಗೆ ವಿವರ ಸಲ್ಲಿಸಲು ಕೊನೆಯ ದಿನ. ಮಗನೋ ಮಗಳೋ ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಪಡೆದಿದ್ದರೆ, ಚನ್ನಪಟ್ಟಣದ ಬ್ಯಾಂಕಿನಲ್ಲಿರುವ ಜಂಟಿ ಠೇವಣಿಯೂ ಮಾಗಡಿಯ ಹೊಲ ಮಾರಿ ಬಂದ ಹಣವೂ ಆ ವಿವರದೊಳಗೆ ಸೇರಬೇಕಾಗುತ್ತದೆ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರೂಪುಗೊಂಡ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಬದಲಾಗುವ ಮೊದಲೇ ಜಮೀನಿನ ಬೆಲೆ ಬದಲಾಗಿತ್ತು. ಬಿಡದಿಯ ಕೈಗಾರಿಕಾ ಪ್ರದೇಶ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ, ಬಿಡದಿ ಬಳಿ ಉಪನಗರ ನಿರ್ಮಿಸುವ ಯೋಜನೆ, ಅದಕ್ಕಾಗಿ ಹೊರಟ ಭೂಸ್ವಾಧೀನ ಅಧಿಸೂಚನೆ, ಅದರ ವಿರುದ್ಧ ರೈತರ ಪ್ರತಿಭಟನೆ: ಇವೆಲ್ಲವೂ ಒಂದು ಕಾಲಕ್ಕೆ ರಾಗಿ, ಮಾವು, ತೆಂಗಿನ ಲೆಕ್ಕದಲ್ಲಿ ಅಳೆಯುತ್ತಿದ್ದ ನೆಲವನ್ನು ಕೋಟಿಗಳ ಲೆಕ್ಕಕ್ಕೆ ತಂದಿವೆ. ಇದೇ ಅವಧಿಯಲ್ಲಿ ಇದೇ ಮನೆಗಳ ಮಕ್ಕಳು ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಮೂಲಕ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿಗಳಿಗೆ ಹೋಗಿ ನೆಲೆಸಿದರು. ಹೀಗೆ ಏರಿದ ನೆಲದ ಬೆಲೆಯೂ ಬದಲಾದ ಪೌರತ್ವವೂ ಒಂದೇ ಕುಟುಂಬದಲ್ಲಿ ಸೇರಿದಾಗ ಏನಾಗುತ್ತದೆ ಎಂಬುದನ್ನು ನಾನು ಇಲ್ಲಿ ಪರಿಶೀಲಿಸಲು ಬಯಸುತ್ತೇನೆ.

ಮೊದಲಿಗೆ ಒಂದು ಮೂಲಭೂತ ವ್ಯತ್ಯಾಸವನ್ನು ಗಮನಿಸಬೇಕು. ಜಗತ್ತಿನ ಬಹುತೇಕ ದೇಶಗಳು ವಾಸದ ಆಧಾರದ ಮೇಲೆ ತೆರಿಗೆ ವಿಧಿಸುತ್ತವೆ. ಭಾರತವೂ ಹಾಗೆಯೇ. ಭಾರತದ ಪ್ರಜೆ ಅಮೆರಿಕದಲ್ಲಿ ನೆಲೆಸಿ ಅಲ್ಲಿ ಸಂಪಾದಿಸಿದರೆ ಆ ಸಂಬಳಕ್ಕೆ ನಮ್ಮ ಸರ್ಕಾರ ಕೈಚಾಚುವುದಿಲ್ಲ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ವಾಸದ ಜೊತೆಗೆ ಪೌರತ್ವವೂ ತೆರಿಗೆಗೆ ಆಧಾರ. ಅಮೆರಿಕದ ಪ್ರಜೆ ಕನಕಪುರದಲ್ಲಿರಲಿ, ಕಠ್ಮಂಡುವಿನಲ್ಲಿರಲಿ, ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯವನ್ನಾದರೂ ತನ್ನ ಸರ್ಕಾರಕ್ಕೆ ವರದಿ ಮಾಡಬೇಕು. ಈ ಮಾದರಿಯನ್ನು ಅನುಸರಿಸುವ ಮತ್ತೊಂದು ದೇಶವೆಂದು ಸಾಮಾನ್ಯವಾಗಿ ಹೆಸರಿಸುವುದು ಆಫ್ರಿಕಾದ ಎರಿಟ್ರಿಯಾವನ್ನು ಮಾತ್ರ. ಅದು ಹೊರದೇಶಗಳಲ್ಲಿರುವ ತನ್ನ ಪ್ರಜೆಗಳಿಂದ ಶೇ 2ರಷ್ಟು ತೆರಿಗೆ ಕೇಳುತ್ತದೆ.

ಈ ಪದ್ಧತಿಯ ಬೇರು 1860ರ ದಶಕದ ಅಂತರ್ಯುದ್ಧದ ಕಾಲದಲ್ಲಿದೆ. ಯುದ್ಧದ ವೆಚ್ಚಕ್ಕೆಂದು ಆದಾಯ ತೆರಿಗೆ ಜಾರಿಗೆ ತಂದಾಗ, ದೇಶ ಬಿಟ್ಟು ಹೊರಗಿದ್ದ ಶ್ರೀಮಂತರು ತಮ್ಮ ಪಾಲಿನ ಹೊರೆಯಿಂದ ನುಣುಚಿಕೊಳ್ಳಬಾರದೆಂಬ ಭಾವನೆ ಅದರ ಹಿಂದಿತ್ತು. ಮೆಕ್ಸಿಕೋದಲ್ಲಿ ವಾಸವಾಗಿ ಅಲ್ಲಿನ ಆಸ್ತಿಯಿಂದಲೇ ಆದಾಯ ಪಡೆಯುತ್ತಿದ್ದ ಕುಕ್ ಎಂಬ ಅಮೆರಿಕನ್ ಪ್ರಜೆ ಈ ತೆರಿಗೆಯನ್ನು ಪ್ರಶ್ನಿಸಿದಾಗ, 1924ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರದ ಪರವಾಗಿ ತೀರ್ಪು ನೀಡಿತು. ಪ್ರಜೆ ಎಲ್ಲಿದ್ದರೂ ರಾಷ್ಟ್ರದ ರಕ್ಷಣೆಯ ಲಾಭ ಅವನಿಗಿದೆ, ಆದ್ದರಿಂದ ತೆರಿಗೆಯ ಅಧಿಕಾರವೂ ಅವನನ್ನು ಹಿಂಬಾಲಿಸುತ್ತದೆ ಎಂಬುದು ಆ ತೀರ್ಪಿನ ತಾತ್ಪರ್ಯ. ನೂರು ವರ್ಷ ಕಳೆದರೂ ಆ ನಿಲುವು ಬದಲಾಗಿಲ್ಲ.

ಈ ಬಲೆಯೊಳಗೆ ಬರುವವರು ನೀಲಿ ಪಾಸ್‌ಪೋರ್ಟ್ ಹೊಂದಿದವರು ಮಾತ್ರವಲ್ಲ. ಗ್ರೀನ್ ಕಾರ್ಡ್ ಪಡೆದವರಿಗೂ ಇದೇ ನಿಯಮ. ಊರಿಗೆ ಮರಳಿ, ಕಾರ್ಡನ್ನು ಬೀರುವಿನಲ್ಲಿಟ್ಟು ಮರೆತರೂ, ವಿಧಿವತ್ತಾಗಿ ಅದನ್ನು ಒಪ್ಪಿಸುವ ತನಕ ತೆರಿಗೆಯ ಹೊಣೆ ಸಾಮಾನ್ಯವಾಗಿ ಮುಗಿಯುವುದಿಲ್ಲ. ಕಾರ್ಡಿನ ಮೇಲೆ ಮುದ್ರಿಸಿದ ಅವಧಿ ಮುಗಿದ ಮಾತ್ರಕ್ಕೆ ಋಣ ಹರಿಯಿತೆಂದು ಭಾವಿಸುವಂತಿಲ್ಲ. ಎಚ್-1ಬಿ ವೀಸಾದಲ್ಲಿರುವವರೂ ನಿಗದಿತ ದಿನಗಳಿಗಿಂತ ಹೆಚ್ಚು ಕಾಲ ಅಲ್ಲಿದ್ದರೆ ತೆರಿಗೆಯ ದೃಷ್ಟಿಯಲ್ಲಿ ಅಲ್ಲಿನ ನಿವಾಸಿಗಳೇ. ಅವರ ಭಾರತದ ಬಡ್ಡಿ, ಬಾಡಿಗೆಗಳೂ ಅಲ್ಲಿನ ಲೆಕ್ಕಕ್ಕೆ ಬರುತ್ತವೆ. ಇನ್ನು ತಂದೆತಾಯಿ ಅಲ್ಲಿ ಉದ್ಯೋಗದಲ್ಲಿದ್ದಾಗ ಹುಟ್ಟಿ, ಎರಡು ಮೂರು ವರ್ಷದವರಿದ್ದಾಗಲೇ ಇಲ್ಲಿಗೆ ಬಂದು ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಮಕ್ಕಳು ಕೂಡ ಅಮೆರಿಕದ ಪ್ರಜೆಗಳೇ. ಅವರ ಕೈಯಲ್ಲಿರುವ ಒಸಿಐ ಕಾರ್ಡ್ ಭಾರತದಲ್ಲಿ ಬಾಳಲು ಅನುಕೂಲ ಮಾಡಿಕೊಡುತ್ತದೆಯೇ ಹೊರತು ಪೌರತ್ವವಲ್ಲ.

ಬ್ಯಾಂಕಿನ ಲೆಕ್ಕ ಗುಟ್ಟಾಗಿ ಉಳಿದಿಲ್ಲ

ಕಾನೂನು ಹಳೆಯದಾದರೂ ಅದರ ಹಲ್ಲು ಹೊಸದು. ಚನ್ನಪಟ್ಟಣದ ಬ್ಯಾಂಕ್ ಶಾಖೆಯ ಠೇವಣಿಯ ವಿಷಯ ವಾಷಿಂಗ್ಟನ್ನಿಗೆ ತಿಳಿಯುವ ಮಾರ್ಗವೇ ಹಿಂದೆ ಇರಲಿಲ್ಲ. 2010ರಲ್ಲಿ ಅಮೆರಿಕ ಜಾರಿಗೆ ತಂದ ವಿದೇಶಿ ಖಾತೆ ತೆರಿಗೆ ಅನುಸರಣೆ ಕಾಯ್ದೆ, ಅಂದರೆ ಫಾಟ್ಕಾ, ಈ ಸ್ಥಿತಿಯನ್ನು ಬದಲಿಸಿತು. ತನ್ನ ಪ್ರಜೆಗಳ ಖಾತೆಗಳ ವಿವರ ಕೊಡದ ವಿದೇಶಿ ಬ್ಯಾಂಕುಗಳಿಗೆ ಅಮೆರಿಕದಿಂದ ಸಲ್ಲುವ ಪಾವತಿಗಳಲ್ಲಿ ಶೇ 30ರಷ್ಟನ್ನು ಮುರಿದುಕೊಳ್ಳುವ ಬೆದರಿಕೆ ಅದರಲ್ಲಿತ್ತು. ಭಾರತ 2015ರ ಜುಲೈ 9ರಂದು ಈ ಕುರಿತ ಒಪ್ಪಂದಕ್ಕೆ ಸಹಿ ಹಾಕಿತು. ಆ ವರ್ಷದ ಆಗಸ್ಟ್ 31ರಿಂದ ಅದು ಜಾರಿಯಲ್ಲಿದೆ. ಬ್ಯಾಂಕುಗಳು, ಮ್ಯೂಚುವಲ್ ಫಂಡ್ ಸಂಸ್ಥೆಗಳು, ವಿಮಾ ಕಂಪನಿಗಳು ಕೊಡುವ ಮಾಹಿತಿಯನ್ನು ನಮ್ಮ ಕೇಂದ್ರೀಯ ನೇರ ತೆರಿಗೆ ಮಂಡಳಿ ಸಂಗ್ರಹಿಸಿ ಅಮೆರಿಕಕ್ಕೆ ರವಾನಿಸುತ್ತದೆ. ಖಾತೆ ತೆರೆಯುವಾಗ ಹುಟ್ಟಿದ ಸ್ಥಳ, ಬೇರೆ ದೇಶದ ತೆರಿಗೆ ನಿವಾಸ ಇತ್ಯಾದಿ ಕೇಳುವ ಪುಟಕ್ಕೆ ನಾವು ಓದದೆಯೇ ಸಹಿ ಹಾಕುತ್ತೇವಲ್ಲ, ಅದರ ಮೂಲ ಇದು.

ಖಾತೆದಾರರ ಕಡೆಯಿಂದಲೂ ಪ್ರತ್ಯೇಕ ವರದಿ ಸಲ್ಲಬೇಕು. 1970ರ ಕಾಯ್ದೆಯೊಂದರಂತೆ, ವಿದೇಶದಲ್ಲಿರುವ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ಮೀರಿದರೂ ಎಫ್‌ಬಾರ್ ಎಂಬ ವರದಿ ಕಡ್ಡಾಯ. ಐದು ದಶಕಗಳ ಹಿಂದೆ ಈ ಮೊತ್ತ ಸಿರಿವಂತರ ಗುರುತಾಗಿತ್ತು. ಇಂದು ಅದು ನಿವೃತ್ತ ಶಾಲಾ ಮಾಸ್ತರರೊಬ್ಬರ ಠೇವಣಿಗಿಂತ ಕಡಿಮೆ. ಹಣ ತನ್ನದೇ ಆಗಿರಬೇಕೆಂದೂ ಇಲ್ಲ. ವಯಸ್ಸಾದ ತಂದೆತಾಯಿ ಮುಂದಿನ ಅನುಕೂಲಕ್ಕೆಂದು ತಮ್ಮ ಠೇವಣಿಗೆ ಅಮೆರಿಕದಲ್ಲಿರುವ ಮಗಳ ಹೆಸರನ್ನು ಸೇರಿಸಿದ್ದರೆ, ಆಕೆ ಒಂದು ರೂಪಾಯಿಯನ್ನೂ ಮುಟ್ಟದಿದ್ದರೂ ಆ ಖಾತೆಯನ್ನು ವರದಿ ಮಾಡಬೇಕು. ಇದಲ್ಲದೆ ಹೆಚ್ಚಿನ ಮೊತ್ತದ ಹಣಕಾಸು ಆಸ್ತಿಗಳಿಗೆ ತೆರಿಗೆ ವಿವರದ ಜೊತೆ ಮತ್ತೊಂದು ನಮೂನೆಯಿದೆ. ಸ್ವಂತ ಹೆಸರಿನಲ್ಲಿರುವ ಜಮೀನು ಅಥವಾ ಮನೆಯನ್ನು ಈ ಎರಡೂ ವರದಿಗಳಲ್ಲಿ ತೋರಿಸಬೇಕಿಲ್ಲ. ಆದರೆ ಅದನ್ನು ಮಾರಿ ಹಣ ಖಾತೆಗೆ ಬಂದ ಕ್ಷಣದಿಂದ ಚಿತ್ರ ಬದಲಾಗುತ್ತದೆ.

ವರದಿ ತಪ್ಪಿದರೆ ದಂಡವೆಷ್ಟು ಎಂಬುದಕ್ಕೆ ಬಿಟ್ನರ್ ಪ್ರಕರಣ ಒಳ್ಳೆಯ ನಿದರ್ಶನ. ರುಮೇನಿಯಾದಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋಗಿ ಪೌರತ್ವ ಪಡೆದು, 1990ರಲ್ಲಿ ತಾಯ್ನಾಡಿಗೆ ಮರಳಿ ಉದ್ಯಮ ಕಟ್ಟಿದ ವ್ಯಕ್ತಿ ಆತ. ಎಫ್‌ಬಾರ್ ಸಲ್ಲಿಸಬೇಕೆಂಬುದು ತನಗೆ ತಿಳಿದಿರಲಿಲ್ಲ ಎಂಬುದು ಆತನ ವಾದ. ಉದ್ದೇಶಪೂರ್ವಕವಲ್ಲದ ತಪ್ಪಿಗೇ ಅಮೆರಿಕದ ಸರ್ಕಾರ ಐದು ವರ್ಷಗಳ 272 ಖಾತೆ ವಿವರಗಳನ್ನು ಎಣಿಸಿ, ಒಂದೊಂದಕ್ಕೆ 10,000 ಡಾಲರಿನಂತೆ 27.2 ಲಕ್ಷ ಡಾಲರ್ ದಂಡ ಹೇರಿತು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ದಂಡ ಖಾತೆಗೊಂದಲ್ಲ, ವರ್ಷದ ವರದಿಗೊಂದು ಎಂದು ತೀರ್ಮಾನಿಸಿತು. ದಂಡ 50,000 ಡಾಲರಿಗೆ ಇಳಿಯಿತು. ಅಮೆರಿಕದಿಂದ ಮರಳಿ ಬಂದ ಯಾವುದೇ ಕನ್ನಡಿಗನ ಬದುಕಿನ ರೇಖೆ ಈ ರುಮೇನಿಯನ್ನನ ರೇಖೆಗಿಂತ ಬಹಳ ಭಿನ್ನವಲ್ಲ. ಒಂದೇ ಒಂದು ಮತದ ಅಂತರದಲ್ಲಿ ಸಿಕ್ಕ ಪರಿಹಾರ ಅದು ಎಂಬುದನ್ನೂ ಮರೆಯಬಾರದು.

ಭಾರತ ಬಿಟ್ಟದ್ದು, ಅಮೆರಿಕ ಪಡೆದದ್ದು

ಈಗ ಜಮೀನಿನ ವಿಷಯಕ್ಕೆ ಬರೋಣ. ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಗ್ರಾಮೀಣ ಕೃಷಿ ಭೂಮಿಯನ್ನು ಬಂಡವಾಳ ಆಸ್ತಿಯೆಂದೇ ಪರಿಗಣಿಸುವುದಿಲ್ಲ. ಹೀಗಾಗಿ ಅದನ್ನು ಮಾರಿದ ಲಾಭಕ್ಕೆ ಬಂಡವಾಳ ಗಳಿಕೆ ತೆರಿಗೆ ಇಲ್ಲ. ಗ್ರಾಮೀಣ ಯಾವುದು ಎಂಬುದಕ್ಕೆ ಅಳತೆಯಿದೆ: ಪುರಸಭೆ ಅಥವಾ ನಗರಸಭೆಯ ಜನಸಂಖ್ಯೆ 10,000ಕ್ಕಿಂತ ಹೆಚ್ಚಿದ್ದು ಒಂದು ಲಕ್ಷದೊಳಗಿದ್ದರೆ ಅದರ ಗಡಿಯಿಂದ 2 ಕಿಲೋಮೀಟರ್, ಹತ್ತು ಲಕ್ಷದೊಳಗಿದ್ದರೆ 6, ಅದಕ್ಕೂ ಹೆಚ್ಚಿದ್ದರೆ 8 ಕಿಲೋಮೀಟರ್ ಆಚೆಗಿರಬೇಕು. 2011ರ ಜನಗಣತಿಯಂತೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಒಂದು ಲಕ್ಷದೊಳಗಿನ ಪಟ್ಟಣಗಳು. ಅಂದರೆ ಈ ಪಟ್ಟಣಗಳ ಗಡಿಯಿಂದ 2 ಕಿಲೋಮೀಟರ್ ಮತ್ತು ಬೆಂಗಳೂರಿನ ಗಡಿಯಿಂದ 8 ಕಿಲೋಮೀಟರ್ ಆಚೆಗಿನ ಹೊಲಗದ್ದೆಗಳು ಬಹುಮಟ್ಟಿಗೆ ಈ ವಿನಾಯಿತಿಯೊಳಗೆ ಬರುತ್ತವೆ. ಕೃಷಿ ಆದಾಯಕ್ಕೂ ಕೇಂದ್ರದ ಆದಾಯ ತೆರಿಗೆ ಇಲ್ಲ. 2013ರ ಭೂಸ್ವಾಧೀನ ಕಾಯ್ದೆಯಡಿ ದೊರೆಯುವ ಪರಿಹಾರಕ್ಕೂ ಆದಾಯ ತೆರಿಗೆ ಇಲ್ಲ.

ಅಮೆರಿಕದ ಕಾನೂನು ಈ ಯಾವ ವಿನಾಯಿತಿಯನ್ನೂ ಗುರುತಿಸುವುದಿಲ್ಲ. ಅದಕ್ಕೆ ಮಾಗಡಿಯ ರಾಗಿ ಹೊಲವೂ ಒಂದೇ, ಮ್ಯಾನ್‌ಹಟನ್ನಿನ ಮಳಿಗೆಯೂ ಒಂದೇ. ತೆಂಗಿನ ತೋಟದ ಗುತ್ತಿಗೆ ಹಣವೂ ಅಲ್ಲಿ ತೆರಿಗೆಗೆ ಒಳಪಡುವ ಆದಾಯ. ಭಾರತ ಮತ್ತು ಅಮೆರಿಕ 1989ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿದ, 1990ರ ಡಿಸೆಂಬರಿನಲ್ಲಿ ಜಾರಿಗೆ ಬಂದ ದ್ವಿತೆರಿಗೆ ನಿವಾರಣಾ ಒಪ್ಪಂದವೂ ಇಲ್ಲಿ ನೆರವಿಗೆ ಬಾರದು. ಬಂಡವಾಳ ಗಳಿಕೆಯ ಮೇಲೆ ಎರಡೂ ದೇಶಗಳು ತಂತಮ್ಮ ಕಾನೂನಿನಂತೆ ತೆರಿಗೆ ಹಾಕಬಹುದೆಂದು ಅದು ಹೇಳುತ್ತದೆ. ತನ್ನ ಪ್ರಜೆಗಳ ಮೇಲೆ, ಒಪ್ಪಂದವೇ ಇಲ್ಲವೇನೋ ಎಂಬಂತೆ ತೆರಿಗೆ ಹಾಕುವ ಹಕ್ಕನ್ನೂ ಅಮೆರಿಕ ಅದರಲ್ಲಿ ಕಾಯ್ದಿರಿಸಿಕೊಂಡಿದೆ. ಒಪ್ಪಂದ ಕೊಡುವ ಮುಖ್ಯ ಪರಿಹಾರವೆಂದರೆ, ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಅವಕಾಶ. ಇಲ್ಲಿ ತೆರಿಗೆಯನ್ನೇ ಕಟ್ಟದಿದ್ದರೆ ವಜಾ ಮಾಡಿಕೊಳ್ಳಲು ಏನಿದೆ?

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಮಾಗಡಿ ತಾಲ್ಲೂಕಿನ ಹಳ್ಳಿಯೊಂದರ ಕೃಷಿಕರು 2012ರಲ್ಲಿ ತೀರಿಕೊಂಡರು. ಅಂದು ಅವರ ಸ್ವಯಾರ್ಜಿತ ಜಮೀನಿನ ಮಾರುಕಟ್ಟೆ ಬೆಲೆ 30 ಲಕ್ಷ ರೂಪಾಯಿ. ಅಮೆರಿಕದ ಪ್ರಜೆಯಾದ ಮಗ ಅದನ್ನು 2025ರಲ್ಲಿ 1.5 ಕೋಟಿಗೆ ಮಾರಿದ. ಉತ್ತರಾಧಿಕಾರದಿಂದ ಬಂದ ಆಸ್ತಿಗೆ ಹಿಂದಿನ ಮಾಲೀಕರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯನ್ನೇ ಮೂಲ ಬೆಲೆಯೆಂದು ಅಮೆರಿಕ ಒಪ್ಪುತ್ತದೆ. ಇದು ದೊಡ್ಡ ಅನುಕೂಲ. ಲೆಕ್ಕವೆಲ್ಲ ಡಾಲರಿನಲ್ಲಿ, ಆಯಾ ಕಾಲದ ವಿನಿಮಯ ದರದಲ್ಲಿ ನಡೆಯಬೇಕು. ಅಂದು ಡಾಲರಿಗೆ 53 ರೂಪಾಯಿ, ಮಾರಿದಾಗ 86 ರೂಪಾಯಿ ಎಂದಿಟ್ಟುಕೊಂಡರೆ ಮೂಲ ಬೆಲೆ ಸುಮಾರು 56,600 ಡಾಲರ್, ಮಾರಿದ ಬೆಲೆ ಸುಮಾರು 1,74,400, ಲಾಭ ಸುಮಾರು 1,17,800 ಡಾಲರ್. ದೀರ್ಘಾವಧಿ ಗಳಿಕೆಗೆ ಅಲ್ಲಿ ಹೆಚ್ಚಿನವರಿಗೆ ಅನ್ವಯವಾಗುವ ಶೇ 15ರ ದರದಲ್ಲಿ ತೆರಿಗೆ ಸುಮಾರು 17,700 ಡಾಲರ್, ಅಂದರೆ 15 ಲಕ್ಷ ರೂಪಾಯಿಗೂ ಮಿಕ್ಕಿ. ಮಗ ಕ್ಯಾಲಿಫೋರ್ನಿಯಾದ ನಿವಾಸಿಯಾಗಿದ್ದರೆ ಆ ರಾಜ್ಯದ ಆದಾಯ ತೆರಿಗೆ ಬೇರೆ.

ಅದೇ ಜಮೀನು ಪಟ್ಟಣದ ಗಡಿಯೊಳಗಿದ್ದಿದ್ದರೆ? ಆಗ ಭಾರತ 2024ರ ಜುಲೈನಿಂದ ಜಾರಿಯಲ್ಲಿರುವ ಶೇ 12.5ರ ದರದಲ್ಲಿ ತೆರಿಗೆ ಪಡೆಯುತ್ತಿತ್ತು. ಹಣದುಬ್ಬರದ ಹೊಂದಾಣಿಕೆಯೊಡನೆ ಹಳೆಯ ದರವನ್ನು ಆರಿಸಿಕೊಳ್ಳುವ ಅವಕಾಶ ನಿವಾಸಿಗಳಿಗೆ ಇದೆಯೇ ಹೊರತು ಅನಿವಾಸಿಗಳಿಗಿಲ್ಲ. ಇಲ್ಲಿ ಕಟ್ಟಿದ್ದನ್ನು ಅಲ್ಲಿ ವಜಾ ಮಾಡಿಕೊಂಡಾಗ ಅಮೆರಿಕಕ್ಕೆ ಕಟ್ಟಬೇಕಾದ ತೆರಿಗೆ ಬಹುಪಾಲು ಕರಗಿಹೋಗುತ್ತಿತ್ತು. ಇಲ್ಲಿರುವ ವಿಪರ್ಯಾಸವನ್ನು ಗಮನಿಸಿ. ನಮ್ಮ ಸಂಸತ್ತು ಕೃಷಿಕನ ಹಿತಕ್ಕೆಂದು ಬಿಟ್ಟುಕೊಟ್ಟ ಹಣ ಕೃಷಿಕನ ಕುಟುಂಬದಲ್ಲಿ ಉಳಿಯದೆ ಅಮೆರಿಕದ ಬೊಕ್ಕಸ ಸೇರುತ್ತದೆ. ವಿನಾಯಿತಿ ಕೊಟ್ಟವರು ನಾವು, ಫಲ ಉಂಡವರು ಅವರು.

ನಮ್ಮ ಕಡೆಯ ಕಾನೂನೂ ಸರಳವಲ್ಲ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಆದರೆ ವಿದೇಶಿ ವಿನಿಮಯ ನಿಯಮಗಳಂತೆ ಅನಿವಾಸಿಗಳೂ ಒಸಿಐ ಕಾರ್ಡುದಾರರೂ ಅದನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತಿಲ್ಲ. ಉತ್ತರಾಧಿಕಾರದಿಂದ ಮಾತ್ರ ಪಡೆಯಬಹುದು. ಮಾರುವಾಗಲೂ ಭಾರತದಲ್ಲಿ ನೆಲೆಸಿರುವ ಪ್ರಜೆಗೇ ಮಾರಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಮ್ಮ ಅವಿಭಕ್ತ ಕುಟುಂಬದ ಕಲ್ಪನೆಗೆ ಅಮೆರಿಕದ ತೆರಿಗೆ ಕಾನೂನಿನಲ್ಲಿ ನೇರವಾದ ಸಮಾನ ಪದವಿಲ್ಲ. ತೀರಿಕೊಂಡ ದಿನದ ಬೆಲೆ ಯಾವ ಪಾಲಿಗೆ ಅನ್ವಯ, ಯಾವುದಕ್ಕಿಲ್ಲ ಎಂಬ ತೊಡಕು ಇಲ್ಲಿಂದಲೇ ಹುಟ್ಟುತ್ತದೆ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಉಳಿದಿರುವ ಊರುಗಳಲ್ಲಿ ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ.

ಮರಳಿ ಬಂದವರ ಪಾಡು

ಅಮೆರಿಕದ ಪೌರತ್ವದೊಡನೆ ಊರಿಗೆ ಮರಳಿ, ಇಲ್ಲೇ ದುಡಿಯುವವರ ಸ್ಥಿತಿ ಇನ್ನೊಂದು ಬಗೆಯದು. ಸಂಬಳದ ವಿಷಯದಲ್ಲಿ ಹೆಚ್ಚಿನ ಕಷ್ಟವಿಲ್ಲ. ವರ್ಷದಲ್ಲಿ 330 ದಿನ ಹೊರದೇಶದಲ್ಲಿದ್ದವರಿಗೆ ದುಡಿಮೆಯ ಆದಾಯದಲ್ಲಿ 2025ನೇ ಸಾಲಿಗೆ 1,30,000 ಡಾಲರ್ ತನಕ ವಿನಾಯಿತಿ ಇದೆ. ಅದನ್ನು ಬೇಡವೆಂದರೂ ಭಾರತದಲ್ಲಿ ಕಟ್ಟಿದ ತೆರಿಗೆಯೇ ಬಹುತೇಕ ಸಂದರ್ಭಗಳಲ್ಲಿ ಅಲ್ಲಿನ ತೆರಿಗೆಯನ್ನು ಸರಿತೂಗಿಸುತ್ತದೆ. ಆದರೆ ವಿವರ ಸಲ್ಲಿಸುವುದು ತಪ್ಪುವುದಿಲ್ಲ. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಹೊರದೇಶದಲ್ಲಿರುವವರಿಗೆ ಜೂನ್ 15ರ ತನಕ ಕಾಲಾವಕಾಶ ಇದ್ದರೂ ಬಾಕಿ ತೆರಿಗೆಯ ಮೇಲಿನ ಬಡ್ಡಿ ಏಪ್ರಿಲ್ 15ರಿಂದಲೇ ಶುರುವಾಗುತ್ತದೆ.

ನಿಜವಾದ ತೊಡಕು ಉಳಿತಾಯದಲ್ಲಿದೆ. ನಮ್ಮ ಮಧ್ಯಮ ವರ್ಗ ಕಣ್ಣುಮುಚ್ಚಿ ನಂಬುವ ಪಿಪಿಎಫ್ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಅಲ್ಲಿ ಆ ವಿನಾಯಿತಿಗೆ ಮಾನ್ಯತೆಯಿಲ್ಲ. ತಿಂಗಳಿಗೆ ಇಷ್ಟೆಂದು ಹಾಕುವ ಮ್ಯೂಚುವಲ್ ಫಂಡ್ ಅಲ್ಲಿನ ಕಾನೂನಿನ ಕಣ್ಣಿಗೆ ವಿದೇಶಿ ಹೂಡಿಕೆ ಕಂಪನಿ. ಅದರ ಲಾಭಕ್ಕೆ ಅತ್ಯಧಿಕ ದರದ ತೆರಿಗೆಯ ಜೊತೆಗೆ ಹಿಂದಿನ ವರ್ಷಗಳ ಬಡ್ಡಿಯನ್ನೂ ಸೇರಿಸುವ ಕಠಿಣ ನಿಯಮವಿದೆ, ಪ್ರತಿ ಫಂಡಿಗೂ ಬೇರೆ ನಮೂನೆಯಿದೆ. ಎಲ್‌ಐಸಿ ಪಾಲಿಸಿಗೆ ಒಪ್ಪಿಸಿದಾಗ ಸಿಗುವ ಮೌಲ್ಯವಿದ್ದರೆ ಅದೂ ವರದಿಯ ಪಟ್ಟಿಗೆ ಸೇರುತ್ತದೆ. ಸ್ವಂತ ಉದ್ಯೋಗ ಮಾಡುವ ಅಮೆರಿಕನ್ ಪ್ರಜೆ ಬಿಡದಿಯಲ್ಲಿ ಕುಳಿತು ಸಲಹೆಗಾರನಾಗಿ ಸಂಪಾದಿಸಿದರೂ ಅಮೆರಿಕದ ಸಾಮಾಜಿಕ ಭದ್ರತೆಗೆ ಶೇ 15.3ರಷ್ಟು ಕಟ್ಟಬೇಕು. ದುಡಿಮೆಯ ಆದಾಯದ ವಿನಾಯಿತಿ ಇದಕ್ಕೆ ಅನ್ವಯಿಸದು. ಕಾರಣ, ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವೇ ಇಲ್ಲ. ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳೊಂದಿಗೆ ಭಾರತ ಅಂಥ ಒಪ್ಪಂದ ಮಾಡಿಕೊಂಡಿದೆ. ಎಚ್-1ಬಿ ವೀಸಾದಲ್ಲಿ ಕೆಲವು ವರ್ಷ ದುಡಿದು, ಪಿಂಚಣಿಗೆ ಬೇಕಾದ 40 ತ್ರೈಮಾಸಿಕಗಳು ತುಂಬುವ ಮೊದಲೇ ಮರಳುವ ಭಾರತೀಯರು ಅಲ್ಲಿ ಕಟ್ಟಿದ ಹಣದ ಪ್ರಯೋಜನ ಪಡೆಯದೆ ಉಳಿಯುವುದಕ್ಕೂ ಇದೇ ಕಾರಣ.

ಇಲ್ಲಿ ನ್ಯಾಯದ ಪ್ರಶ್ನೆಯೊಂದನ್ನು ನೇರವಾಗಿ ಎದುರಿಸಬೇಕು. ವಿದೇಶಕ್ಕೆ ಹೋಗಿ ಸಂಪಾದಿಸಿದವರ ತೆರಿಗೆಯ ಗೋಳು ನಮಗೇಕೆ ಎಂದು ಕೇಳುವವರಿದ್ದಾರೆ. ಅಮೆರಿಕದ ರಸ್ತೆ, ಶಾಲೆ, ಭದ್ರತೆಗಳ ಅನುಕೂಲ ಪಡೆದು ಅಲ್ಲೇ ನೆಲೆಸಿರುವವರು ತಮ್ಮ ಜಾಗತಿಕ ಆದಾಯಕ್ಕೆ ಅಲ್ಲಿ ತೆರಿಗೆ ಕಟ್ಟುವುದರಲ್ಲಿ ನನಗೂ ಅನ್ಯಾಯ ಕಾಣುವುದಿಲ್ಲ. ನಮ್ಮ ದೇಶವೂ ನಿವಾಸಿಗಳಿಂದ ಅದನ್ನೇ ಕೇಳುತ್ತದೆ. ಊರಿಗೆ ಮರಳಿ ಪೂರ್ಣ ನಿವಾಸಿಗಳಾದವರು ಅಮೆರಿಕದಲ್ಲಿ ಉಳಿಸಿಬಂದ ಖಾತೆ, ಷೇರುಗಳನ್ನು ಇಲ್ಲಿನ ತೆರಿಗೆ ವಿವರದಲ್ಲಿ ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿಗಳ ಒಟ್ಟು ಮೊತ್ತ 20 ಲಕ್ಷದೊಳಗಿದ್ದರೆ 2024ರ ಅಕ್ಟೋಬರ್‌ನಿಂದ ಈ ದಂಡಕ್ಕೆ ರಿಯಾಯಿತಿ ನೀಡಲಾಗಿದೆ. ಆದ್ದರಿಂದ ಅಮೆರಿಕ ಕ್ರೂರಿ, ನಾವು ಉದಾರಿಗಳು ಎಂದು ಹೇಳುವಂತಿಲ್ಲ. ನನ್ನ ಆಕ್ಷೇಪ ಇರುವುದು ಕನಕಪುರದಲ್ಲೇ ಬಾಳಿ, ಇಲ್ಲಿನ ಸರ್ಕಾರಕ್ಕೆ ತೆರಿಗೆ ಕಟ್ಟಿ, ಅಮೆರಿಕದಿಂದ ಯಾವ ಸೇವೆಯನ್ನೂ ಪಡೆಯದವರನ್ನು ಕೇವಲ ಹುಟ್ಟಿನ ಅಥವಾ ಪಾಸ್‌ಪೋರ್ಟಿನ ಕಾರಣಕ್ಕೆ ಜೀವನಪರ್ಯಂತ ಬೆನ್ನಟ್ಟುವ ನೀತಿಗೆ.

ಅಮೆರಿಕದಲ್ಲೂ ಈ ಬಗ್ಗೆ ಮಾತು ಎದ್ದಿದೆ. 2024ರ ಅಕ್ಟೋಬರ್‌ನಲ್ಲಿ, ಚುನಾವಣಾ ಪ್ರಚಾರದ ವೇಳೆ, ಹೊರದೇಶದಲ್ಲಿರುವ ಅಮೆರಿಕನ್ನರ ದ್ವಿತೆರಿಗೆ ಕೊನೆಗೊಳಿಸುವುದಾಗಿ ಡೊನಾಲ್ಡ್ ಟ್ರಂಪ್ ಭರವಸೆ ನೀಡಿದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಡ್ಯಾರಿನ್ ಲಹೂಡ್ ಎಂಬ ಸದಸ್ಯರು ವಾಸಾಧಾರಿತ ತೆರಿಗೆಯ ಮಸೂದೆಯೊಂದನ್ನು ಮಂಡಿಸಿದರು. ಆ ಕಾಂಗ್ರೆಸ್ಸಿನ ಅವಧಿ ಮುಗಿಯುವುದರೊಂದಿಗೆ ಅದೂ ಬಿದ್ದುಹೋಯಿತು. ಇತ್ತ ಭಾರತ, 2020ರಲ್ಲಿ, ಬೇರೆಲ್ಲೂ ತೆರಿಗೆ ಹೊಣೆಯಿಲ್ಲದ, ಭಾರತದಲ್ಲಿ 15 ಲಕ್ಷ ರೂಪಾಯಿಗೂ ಹೆಚ್ಚು ಆದಾಯವಿರುವ ತನ್ನ ಪ್ರಜೆಗಳನ್ನು ನಿವಾಸಿಗಳೆಂದೇ ಭಾವಿಸುವ ನಿಯಮ ತಂದಿತು. ಅದರ ವ್ಯಾಪ್ತಿ ಸೀಮಿತವೇ. ಆದರೂ ಪೌರತ್ವವನ್ನು ತೆರಿಗೆಗೆ ಗಂಟು ಹಾಕುವ ಆಲೋಚನೆ ನಮ್ಮ ಹೊಸ್ತಿಲನ್ನೂ ತುಳಿದಿದೆ ಎಂಬುದಕ್ಕೆ ಅದು ಸೂಚನೆ. ಆ ದಾರಿಯಲ್ಲಿ ಮುಂದೆ ಹೋಗುವ ಮೊದಲು ಅಮೆರಿಕದ ಅನುಭವವನ್ನು ನಮ್ಮವರು ಅಭ್ಯಾಸ ಮಾಡುವುದು ಒಳಿತು.

ಆಗಬೇಕಾದದ್ದು

ಕೇಂದ್ರ ಸರ್ಕಾರ ಮಾಡಬಹುದಾದ ಕೆಲಸಗಳು ಸ್ಪಷ್ಟವಾಗಿವೆ. 1989ರ ಒಪ್ಪಂದಕ್ಕೆ ಸಹಿ ಬಿದ್ದಾಗ ಉದಾರೀಕರಣ ಇನ್ನೂ ಬಂದಿರಲಿಲ್ಲ. ಎಚ್-1ಬಿ ವೀಸಾ ಹುಟ್ಟಿರಲಿಲ್ಲ. ಬಿಡದಿಯಲ್ಲಿ ಕಾರು ತಯಾರಾಗುತ್ತಿರಲಿಲ್ಲ. ಆ ಒಪ್ಪಂದವನ್ನು ಇಂದಿನ ಸ್ಥಿತಿಗೆ ತಕ್ಕಂತೆ ಪರಿಷ್ಕರಿಸಲು ಒತ್ತಾಯಿಸಬೇಕು. ಅಮೆರಿಕದ 401ಕೆ ನಿವೃತ್ತಿ ಖಾತೆಯ ಗಳಿಕೆಗೆ ಹಣ ತೆಗೆಯುವ ತನಕ ಇಲ್ಲಿ ತೆರಿಗೆಯನ್ನು ಮುಂದೂಡಲು 2021ರ ಹಣಕಾಸು ಕಾಯ್ದೆಯಲ್ಲಿ ಭಾರತ ಅವಕಾಶ ಮಾಡಿಕೊಟ್ಟಿತು. ಅದೇ ಗೌರವವನ್ನು ನಮ್ಮ ಪಿಪಿಎಫ್ ಮತ್ತು ಭವಿಷ್ಯನಿಧಿಗೆ ಕೇಳುವುದು ಬೇಡಿಕೆಯಲ್ಲ, ಸಮಾನತೆ. ಸಾಮಾಜಿಕ ಭದ್ರತಾ ಒಪ್ಪಂದವನ್ನು ವ್ಯಾಪಾರ ಮಾತುಕತೆಗಳ ಅಡಿಟಿಪ್ಪಣಿಯಾಗಿ ಉಳಿಸದೆ ಮುಖ್ಯ ವಿಷಯವಾಗಿ ಎತ್ತಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಗಿದೆ. ವೀಸಾದ ಬಗ್ಗೆ ಇರುವಷ್ಟೇ ಆಸಕ್ತಿಯಿಂದ ತೆರಿಗೆಯ ತಿಳಿವಳಿಕೆ ನೀಡುವಂತೆಯೂ ರಾಜ್ಯ ಸರ್ಕಾರ ಅದನ್ನು ಕೋರಬಹುದು.

ಒಪ್ಪಂದಗಳು ಬದಲಾಗುವ ತನಕ ಕುಟುಂಬಗಳು ಕೈಕಟ್ಟಿ ಕೂರುವಂತಿಲ್ಲ. ಹಿರಿಯರು ತೀರಿಕೊಂಡಾಗ ವಂಶವೃಕ್ಷ, ಪೌತಿ ಖಾತೆಗಳ ಜೊತೆಗೆ ಆ ದಿನದ ಮಾರುಕಟ್ಟೆ ಬೆಲೆಗೆ ನೋಂದಾಯಿತ ಮೌಲ್ಯಮಾಪಕರ ವರದಿಯನ್ನೂ ಪಡೆದಿಟ್ಟುಕೊಳ್ಳಬೇಕು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆ ಹಲವು ಕಡೆ ನಿಜ ಬೆಲೆಗಿಂತ ಕಡಿಮೆ. ಅದನ್ನೊಂದನ್ನೇ ನಂಬಿದರೆ ಮುಂದೆ ಹೆಚ್ಚು ತೆರಿಗೆ ಕಟ್ಟಬೇಕಾದೀತು. ಕ್ರಯಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಪಡೆಯುವ ಹಳೆಯ ಚಾಳಿಯಂತೂ ಎರಡೂ ದೇಶಗಳಲ್ಲಿ ಅಪರಾಧ. ಆ ಹಣ ಬ್ಯಾಂಕಿನ ಮೂಲಕ ವಿದೇಶಕ್ಕೆ ಹೋಗುವಂತೆಯೂ ಇಲ್ಲ. ಒಂದು ವರ್ಷದಲ್ಲಿ ಭಾರತದ ತಂದೆತಾಯಿಯಿಂದ ಒಂದು ಲಕ್ಷ ಡಾಲರಿಗೂ ಹೆಚ್ಚು ಮೌಲ್ಯದ ಆಸ್ತಿ ಉತ್ತರಾಧಿಕಾರವಾಗಿಯೋ ಉಡುಗೊರೆಯಾಗಿಯೋ ಬಂದರೆ ತೆರಿಗೆ ಇಲ್ಲದಿದ್ದರೂ ಅಮೆರಿಕಕ್ಕೆ ತಿಳಿಸಬೇಕು. ತಪ್ಪಿದರೆ ಮೌಲ್ಯದ ಶೇ 25ರ ತನಕ ದಂಡಕ್ಕೆ ಅವಕಾಶವಿದೆ. ತಡವಾಗಿ ಸಲ್ಲಿಸಿದವರಿಗೆ ತಂತಾನೇ ದಂಡ ಹಾಕುವ ಪದ್ಧತಿಯನ್ನು ಕೈಬಿಡುವುದಾಗಿ ಅಲ್ಲಿನ ಕಂದಾಯ ಇಲಾಖೆ 2024ರಲ್ಲಿ ಹೇಳಿದೆ, ಆದರೆ ಕಾನೂನು ಹಾಗೆಯೇ ಇದೆ.

ಈಗಾಗಲೇ ವರ್ಷಗಳಿಂದ ವರದಿ ಸಲ್ಲಿಸದೆ ಉಳಿದವರು ಗಾಬರಿಪಡಬೇಕಿಲ್ಲ. ಉದ್ದೇಶಪೂರ್ವಕವಲ್ಲದ ತಪ್ಪನ್ನು ಸರಿಪಡಿಸಿಕೊಳ್ಳಲು 2012ರಿಂದ ಒಂದು ಸರಳ ವ್ಯವಸ್ಥೆಯಿದ್ದು, 2014ರಲ್ಲಿ ಅದನ್ನು ವಿಸ್ತರಿಸಲಾಗಿದೆ. ಹಿಂದಿನ ಮೂರು ವರ್ಷಗಳ ತೆರಿಗೆ ವಿವರ, ಆರು ವರ್ಷಗಳ ಖಾತೆ ವರದಿ ಸಲ್ಲಿಸಿದರೆ, ಅಮೆರಿಕದ ಹೊರಗೆ ನೆಲೆಸಿರುವ ಅರ್ಹರಿಗೆ ದಂಡವಿಲ್ಲ. ಅಮೆರಿಕದಲ್ಲೇ ಇರುವವರಿಗೆ ಶೇ 5ರಷ್ಟು ದಂಡ. ಆದರೆ ಇಲಾಖೆಯ ನೋಟಿಸು ಬಂದು ತನಿಖೆ ಶುರುವಾದ ಮೇಲೆ ಈ ಬಾಗಿಲು ಮುಚ್ಚುತ್ತದೆ. ಎರಡೂ ದೇಶಗಳ ಕಾನೂನು ಬಲ್ಲ ಲೆಕ್ಕಪರಿಶೋಧಕರನ್ನು ಜಮೀನಿನ ಕರಾರು ಬರೆಯುವ ಮೊದಲೇ ಕಾಣುವುದು ಲೇಸು, ಹಣ ಕೈಸೇರಿದ ಮೇಲಲ್ಲ.

ನಮ್ಮ ಹಳ್ಳಿಗಳಲ್ಲಿ ಜಮೀನಿನ ವ್ಯವಹಾರ ಇಂದಿಗೂ ಮಾತಿನ ಮೇಲೆ, ನಂಬಿಕೆಯ ಮೇಲೆ, ಬಂಧುಗಳ ಪಂಚಾಯಿತಿಯ ಮೇಲೆ ನಡೆಯುವುದುಂಟು. ಅಮೆರಿಕದಲ್ಲಿರುವ ಅಣ್ಣನ ಪಾಲಿನಲ್ಲಿ ತೆರಿಗೆಯೆಂದು 15 ಲಕ್ಷ ಕಳೆಯುತ್ತದೆ ಎಂಬುದು ಊರಿನಲ್ಲಿ ಉಳಿದ ತಮ್ಮನಿಗೆ ಮೊದಲೇ ತಿಳಿದಿದ್ದರೆ ಪಾಲುಪಟ್ಟಿಯ ಮಾತು ಬೇರೆ ರೀತಿ ನಡೆದೀತು. ತಿಳಿಯದೆ ನಡೆದಾಗ ಅದು ಮನಸ್ತಾಪಕ್ಕೆ, ಕೊನೆಗೆ ಸಿವಿಲ್ ನ್ಯಾಯಾಲಯದ ಮೆಟ್ಟಿಲಿಗೆ ದಾರಿಯಾಗುತ್ತದೆ. ಎರಡು ಸರ್ಕಾರಗಳು ತಮ್ಮ ತಮ್ಮ ಖಾತೆಪುಸ್ತಕಗಳನ್ನು ಪರಸ್ಪರ ತೆರೆದಿಟ್ಟು ಹತ್ತು ವರ್ಷ ಕಳೆದಿವೆ. ಈ ಎರಡರ ನಡುವೆ ಸಿಕ್ಕಿಕೊಂಡ ಕುಟುಂಬಗಳಿಗೆ ಅವರ ಭಾಷೆಯಲ್ಲೇ ಇದನ್ನು ತಿಳಿಸಿಹೇಳುವ ಹೊಣೆಯನ್ನು ಮಾತ್ರ ಇಬ್ಬರೂ ಇನ್ನೂ ಹೊತ್ತಿಲ್ಲ.